ಪಂಚಕದ ಮನೆ

ನಾಗಣ್ಣ ಬರಿಗಾಲಲ್ಲಿ ಬಂದಿದ್ದ. ನಮ್ಮ ಸಗರದಲ್ಲಿ ವೈಶಾಖದ ಬಿಸಿಲಿಗೆ ಬೆಳಿಗ್ಗೆಯೇ ನೆಲ ಕಾದು ಹಂಚಾಗಿರುತ್ತದೆ. ಎರಡು ಟ್ರ್ಯಾಕ್ಟರ್ ಇಟ್ಟ ಮನುಷ್ಯ ಚಪ್ಪಲಿ ಮರೆತು ಓಡಿ ಬಂದನೆಂದರೆ ಸುಮ್ಮನೆ ಬಂದಿರಲಿಕ್ಕಿಲ್ಲ. ಗಿರಣಿಯ ಬೆಲ್ಟು ಏರಿಸುತ್ತಿದ್ದ ನಾನು ಕೈ ಬಿಟ್ಟು ಬಾಗಿಲಿಗೆ ಬಂದೆ. ಅವನು ಎದುರು ಮನೆಯ ಕಟ್ಟೆಯ ಮುಂದೆ ನಿಂತು ಮಲ್ಲೇಶ್ವರಿಗೆ ಕೈ ಮುಗಿದ.

"ಅವ್ವಾರ, ಪಂಚಕ ಯಾವಾಗ ಹತ್ತತದ್ರಿ?"

ದಿನವೂ ತಿಥಿ, ನಕ್ಷತ್ರ, ರಾಹುಕಾಲವನ್ನು ಕೇಳಿದ ತಕ್ಷಣ ಹೇಳುವ ಹೆಂಗಸು ಅವತ್ತು ಮೊದಲು, "ಯಾರಿಗಿ ಹೆಂಗದ?" ಎಂದು ಕೇಳಿದಳು.

"ಅವ್ವಗ. ದವಾಖಾನ್ಯಾಗ ಕೈ ಚೆಲ್ಲ್ಯಾರ. ಮನಿಗಿ ಒಯ್ರಿ ಅಂದ್ರು. ರಾತ್ರಿ ತಂದೀವಿ."

"ಇವತ್ತ ಅಷ್ಟಮಿ, ಧನಿಷ್ಠಾ ನಡದದ. ಮಧ್ಯಾಹ್ನಕ್ಕ ಅದರ ಅರ್ಧ ದಾಟತದ. ಅಲ್ಲಿಂದ ಪಂಚಕ," ಎಂದಳು ಮಲ್ಲೇಶ್ವರಿ. ನಾಗಣ್ಣ ತಿರುಗಿ ಹೋದ.

ನಾನು ಕುಬ್ರಾಬೇಗಂ, ಹಿಟ್ಟಿನ ಗಿರಣಿಯವಳು. ಚಂದ್ರನ ಲೆಕ್ಕ ನಮಗೂ ಹೊಸದಲ್ಲ. ಆದರೆ ನಮ್ಮ ಚಂದ್ರ ಹಬ್ಬ ಯಾವತ್ತೆಂದು ಹೇಳಿ ಸುಮ್ಮನಾಗುತ್ತಾನೆ, ಎದುರು ಮನೆಯ ಚಂದ್ರ ದಿನಾ ಎಲ್ಲದಕ್ಕೂ ಬಾಯಿ ಹಾಕುತ್ತಾನೆ. ಯಾವಾಗ ಬೋರು ಕೊರೆಸಬೇಕು, ಹೊಸ ಬೈಕು ಯಾವ ದಿಕ್ಕಿಗೆ ಮೊದಲು ಓಡಿಸಬೇಕು, ಸೊಸೆ ಯಾವ ವಾರ ತವರಿಗೆ ಹೋಗಬೇಕು, ಎಲ್ಲಕ್ಕೂ ಅವನನ್ನೇ ಕೇಳಬೇಕು. ಅವನ ಮಾತುಗಳಲ್ಲಿ ಕೆಟ್ಟದ್ದೆಂದರೆ ಈ ಪಂಚಕ. ಧನಿಷ್ಠೆಯ ಅರ್ಧದಿಂದ ರೇವತಿ ಮುಗಿಯುವ ತನಕ ಮನೆಯೊಳಗೆ ಯಾರಾದರೂ ಸತ್ತರೆ ಆ ಮನೆಗೆ ಸಾವಿನ ಮೇಲೆ ಸಾವು ಬರುತ್ತದಂತೆ. ಆ ಮನೆಯವರು ಪಾತ್ರೆ ಪಡಗ ಹೊತ್ತು ಹೊರಗೆ ಬಂದು, ಬಾಗಿಲಿಗೆ ಜಾಲಿಮುಳ್ಳು ಬಡಿದು, ನಕ್ಷತ್ರ ನೋಡಿ ಮೂರು ತಿಂಗಳೋ ಆರು ತಿಂಗಳೋ ಬೇರೆ ಕಡೆ ಇರಬೇಕು. ಮುಳ್ಳು ಬಿದ್ದ ಮನೆಗೆ ಹೆಣ್ಣು ಕೊಡುವವರಿಲ್ಲ, ಆ ಮನೆಯಿಂದ ಹೆಣ್ಣು ತರುವವರಿಲ್ಲ. ನಾಗಣ್ಣನ ಹೊಸ ಮನೆಯ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮಗ ಬಸವಕುಮಾರನ ಮದುವೆಗೆ ಅಂಗಳದಲ್ಲಿ ಹಂದರದ ಕಂಬ ಬಂದು ಬಿದ್ದಿದ್ದವು. ಕೆಂಭಾವಿಯ ಬೀಗರು ಇಂಥದ್ದರಲ್ಲಿ ಬಹಳ ಕಟ್ಟುನಿಟ್ಟಿನ ಜನ.

ಮಲ್ಲೇಶ್ವರಿ ಈ ಕಟ್ಟೆಗೆ ಬಂದ ಬಗೆಯನ್ನೂ ಹೇಳಬೇಕು. ಅವಳ ಮಾವ ಗುರುಪಾದಯ್ಯ ಊರಿನ ಜಂಗಮರು. ಮನೆ ಮನೆಗೆ ಹೋಗಿ ಪಂಚಾಂಗ ಹೇಳುತ್ತಿದ್ದವರು. ಕಣ್ಣಿಗೆ ಪೊರೆ ಬಂದಾಗ ಸೊಸೆ ಪಕ್ಕದಲ್ಲಿ ಕೂತು ಓದಿ ಹೇಳತೊಡಗಿದಳು. ಮಗನಿಗೆ ಇದೆಲ್ಲ ಬೇಕಿರಲಿಲ್ಲ. ಅವನು ಟೆಂಪೋ ಹತ್ತಿ ಶಹಾಪುರ, ಸುರಪುರ ಎಂದು ತಿರುಗುವವನು. ಟೈರು ಪಂಕ್ಚರ್ ಆದ ಹೊತ್ತೇ ರಾಹುಕಾಲ ಎನ್ನುವ ಆಸಾಮಿ, ಮದುವೆ ಸೀಜನ್ನಿನಲ್ಲಂತೂ ಮನೆಗೆ ಮುಖ ತೋರಿಸುವುದಿಲ್ಲ. ಕೊನೆಗೆ ಮುದುಕರು ಒಂದು ದಿನ ಸೊಸೆಯನ್ನೇ ಕಟ್ಟೆಯ ಮೇಲೆ ಕೂಡಿಸಿ, "ಇನ್ನ ಮ್ಯಾಲ ಈಕೀನ ಕೇಳ್ರಿ" ಎಂದುಬಿಟ್ಟರು. ಊರು ನಕ್ಕಿತು. ಹೆಣ್ಣಿನ ಬಾಯಿಂದ ಮುಹೂರ್ತ ಕೇಳಿಕೊಂಡು ಹೋದರೆ ದಾರಿಯಲ್ಲೇ ಸೀರೆ ಅಂಗಡಿ ಸಿಗುತ್ತದೆ ಎಂದು ಗಂಡಸರು ಆಡಿಕೊಂಡರು. ಅನೇಕ ದಿನ ಕಟ್ಟೆಯ ಕಡೆ ಯಾರೂ ಬರಲಿಲ್ಲ.

ಮೊದಲು ಬಂದವಳು ನಾಗಣ್ಣನ ತಾಯಿ ಭೀಮಾಬಾಯಿ. ಜೋಳದ ಬುಟ್ಟಿಯನ್ನು ನನ್ನ ಗಿರಣಿಯಲ್ಲಿಟ್ಟು, ಕೇಳುವವರಿಗೆಲ್ಲ ಕೇಳಲಿ ಎಂದು ದೊಡ್ಡ ದನಿಯಲ್ಲಿ, "ಮಲ್ಲೇಶ್ವರೀ, ಹೊಸಾ ಎಮ್ಮಿ ಯಾವಾಗ ಮನಿಗಿ ಹೊಡಕೊಂಡ ಬರ್ಲಿ? ನೀ ಹೇಳಿದ ವ್ಯಾಳ್ಯಾಕ್ಕ ತರ್ತೀನಿ" ಎಂದಳು. ಎಮ್ಮೆ ಚೆನ್ನಾಗಿ ಹಿಂಡಿತು. ಅದು ಎಮ್ಮೆಯ ಪುಣ್ಯ ಎಂದು ನಾನು ಇವತ್ತಿಗೂ ಹೇಳುತ್ತೇನೆ, ಆದರೆ ಊರಿಗೆ ಅಷ್ಟು ಸಾಕಾಯಿತು. ಅಂದಿನಿಂದ ಭೀಮಾಬಾಯಿ ದಿನಾ ಬೆಳಿಗ್ಗೆ ಬಂದು ತಿಥಿ ಕೇಳಿಯೇ ಚಹಾ ಕುಡಿಯುತ್ತಿದ್ದಳು. ಈಗ ಮಲ್ಲೇಶ್ವರಿ ಫೋನಿನಲ್ಲಿ ಮಾತಾಡಿ ಊರಿನ ಗ್ರೂಪಿಗೆ ಕಳಿಸುತ್ತಾಳೆ, ಸುರಪುರದ ಕಡೆಯ ಹಳ್ಳಿಗಳಿಂದಲೂ ಕೇಳುತ್ತಾರೆ.

ಅವಳ ತಲೆಯಲ್ಲಿ ಪಂಚಾಂಗದ ಜೊತೆ ಬುದ್ಧಿಯೂ ಇತ್ತು. ಒಮ್ಮೆ ಒಬ್ಬ ತನ್ನ ಅಣ್ಣನಿಗೆ ಹಾವು ಕಚ್ಚಿದೆ, ಶಹಾಪುರಕ್ಕೆ ಯಾವ ಗಳಿಗೆಯಲ್ಲಿ ಹೊರಡಲಿ ಎಂದು ಕೇಳಿದಾಗ ಅವಳು ಕಟ್ಟೆಯಿಂದ ಎದ್ದೇ ಬಿಟ್ಟಳು. "ಹಾವು ಪಂಚಾಂಗ ನೋಡಿ ಕಡದದೇನೋ ಮೂಳಾ? ಗಾಡಿ ಚಾಲೂ ಮಾಡು!" ಎಂದು ಅವಳು ಕೂಗಿದ್ದು ನನ್ನ ಗಿರಣಿಯ ಸದ್ದನ್ನೂ ಮೀರಿ ಕೇಳಿಸಿತ್ತು. ಆದರೆ ನಕ್ಷತ್ರ ಯಾವುದೆಂದು ಕೇಳಿದರೆ ಇದ್ದದ್ದನ್ನೇ ಹೇಳುತ್ತಾಳೆ. ಅದರಲ್ಲಿ ಒಂದು ಗಳಿಗೆ ಆಚೆ ಈಚೆ ಮಾಡುವುದಿಲ್ಲ.

ಅವತ್ತೂ ಹಾಗೆಯೇ ಹೇಳಿದ್ದಳು. ನಾಗಣ್ಣ ಯಾವುದಾದರೂ ಶಾಂತಿ ಮಾಡಿಸಲು ಕೇಳಿದ್ದಾನೆ ಎಂದುಕೊಂಡಿದ್ದಳು. ಅವನು ಏನು ಮಾಡಲು ಕೇಳಿದ್ದ ಎಂಬುದು ಮಧ್ಯಾಹ್ನ ತಿಳಿಯಿತು.

ನಾಲ್ಕು ಜನ ಗಂಡಸರು ಭೀಮಾಬಾಯಿಯನ್ನು ಮಂಚದ ಸಮೇತ ಎತ್ತಿ ಹೊರಗೆ ತಂದರು. ಅಂಗಳದ ಮೂಲೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವ ತಗಡಿನ ಶೆಡ್ಡಿತ್ತು, ಅದರಡಿ ಮಂಚ ಇಟ್ಟರು. ಒಳಗೆ ಸತ್ತರೆ ತಾನೇ ಮನೆಗೆ ಪಂಚಕ, ಹೊರಗೆ ಸತ್ತರೆ ಮನೆ ಉಳಿಯಿತು. ಹಳೆಯ ಪದ್ಧತಿ, ನಾಗಣ್ಣ ಹೊಸದಾಗಿ ಹುಟ್ಟಿಸಿದ್ದಲ್ಲ. ಆದರೂ ಬದುಕಿರುವ ತಾಯಿಯನ್ನು ಆ ತಗಡಿನಡಿ ಇಟ್ಟದ್ದನ್ನು ನೋಡಿ ಗಿರಣಿ ಬಂದ್ ಮಾಡಿದೆ. ಹಿಟ್ಟಿಗೆ ಕಾದು ಕೂತಿದ್ದ ಹೆಂಗಸರೂ ಎದ್ದು ಬಾಗಿಲಿಗೆ ಬಂದರು.

ಎಲ್ಲರೂ ಅವಳು ಸಾಯುವುದನ್ನು ಕಾದರು. ಬೀಗರಿಗೆ ಫೋನ್ ಹೋಯಿತು, ಹೂಳಲು ಗುದ್ದು ತೋಡುವವರಿಗೂ ಹೇಳಿ ಇಟ್ಟರು. ಸಂಜೆಯಾಯಿತು. ಭೀಮಾಬಾಯಿ ಕಣ್ಣು ಬಿಟ್ಟು ಗಂಜಿ ಕೇಳಿದಳು.

ನಾಗಣ್ಣನ ಹೆಂಡತಿ ಶಿವಲೀಲಾ ಅಳುತ್ತ ಗಂಜಿ ಕುಡಿಸಿದಳು. "ಒಳಗ ಒಯ್ಯೋಣೇನ್ರಿ?" ಎಂದು ಗಂಡನನ್ನು ಕೇಳಿದಳು. ಅಲ್ಲಿದ್ದ ಹಿರಿಯರು ಹೌಹಾರಿದರು. ಸಾಯಲೆಂದು ಹೊರಗೆ ತಂದವರನ್ನು ಮತ್ತೆ ಹೊಸ್ತಿಲು ದಾಟಿಸಿದರೆ ಸಾವನ್ನು ಕೈ ಹಿಡಿದು ಒಳಗೆ ಕರೆದಂತೆ ಎಂದರು. ಹೀಗೆ ಮುದುಕಿ ಒಳಗೆ ಹೋಗುವ ಹಾಗಿಲ್ಲ, ಹೊರಗೆ ಸಾಯಲೂ ಇಲ್ಲ.

ಮಾರನೆಯ ದಿನ ಬಿಸಿಲು ಏರಿದಾಗ ಮಲ್ಲೇಶ್ವರಿ ಅಲ್ಲಿಗೆ ಹೋದಳು. ನಾನೂ ಹೋದೆ. ತಗಡಿನ ಕೆಳಗೆ ನಿಂತರೆ ತಲೆ ಸಿಡಿಯುವಂಥ ಝಳ. ಭೀಮಾಬಾಯಿಯ ತುಟಿ ಒಡೆದಿದ್ದವು, ಒದ್ದೆ ಬಟ್ಟೆ ಹಾಕಿದ ಸ್ವಲ್ಪ ಹೊತ್ತಿಗೇ ಒಣಗುತ್ತಿತ್ತು. ಮಲ್ಲೇಶ್ವರಿ ಅದನ್ನು ನೋಡಿ ನಾಗಣ್ಣನ ಕಡೆ ತಿರುಗಿದಳು.

"ಒಳಗ ಒಯ್ಯಪ್ಪಾ. ದೋಷ ಬಂದ್ರ ಶಾಂತಿ ಮಾಡೋಣು. ನಾ ಹೇಳಾಕತ್ತೀನಿ."

"ಪಂಚಕ ಅಂತ ಹೇಳಿದವ್ರೂ ನೀವ ಅಲ್ರೀ ಅವ್ವಾರ," ನಾಗಣ್ಣ ತಲೆ ಎತ್ತದೆ ಹೇಳಿದ. "ಈಗ ಇಲ್ಲ ಅಂದ್ರ ಹೆಂಗ? ಬೀಗರು ಮೊಬೈಲ್‌ನಾಗೂ ನೋಡ್ಯಾರ. ಮತ್ತ, ನಾನಾಗಿ ಹಾಕಿಲ್ಲ. ಅವ್ವನ ಹೇಳ್ಯಾಳ, ನನ್ನ ಹೊರಗ ಹಾಕು, ಮೊಮ್ಮಗನ ಮದುವಿ ನಿಲ್ಲಬಾರದು ಅಂತ. ಕೇಳ್ರಿ ಬೇಕಾದ್ರ."

ಮುದುಕಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು. ಮಲ್ಲೇಶ್ವರಿಯ ಮುಖ ನೋಡಿ ನನಗೆ ಹೆದರಿಕೆಯಾಯಿತು. ತಾನು ಹೇಳಿದ ಒಂದು ಮಾತಿನಿಂದ ಈ ಮಂಚ ಇಲ್ಲಿ ಬಂದು ಬಿದ್ದಿದೆ ಎಂದು ಅವಳಿಗೆ ಅನ್ನಿಸಿತ್ತು.

"ಹಂಗಾದ್ರ ನನ್ನ ಮನಿಗಿ ಒಯ್ತೀನಿ," ಎಂದಳು.

"ಅವ್ವಾರ, ಹುಚ್ಚ ಹಿಡದದೇನ್ರಿ? ನಿಮ್ಮ ಮನ್ಯಾಗ ಏನರ ಆದ್ರ?"

"ಆದ್ರ ನನ್ನ ಮನಿಗಿ ಆಗ್ತದ. ನಿನ್ನ ಮದುವಿ ನಡೀಲಿ."

ಗಂಡಸರು ಯಾರೂ ಮುಂದೆ ಬರಲಿಲ್ಲ. ಮಂಚದ ಕಾಲ ಕಡೆ ಮೊದಲು ಕೈ ಹಾಕಿದವಳು ಶಿವಲೀಲಾ. ತಲೆಯ ಕಡೆ ಮಲ್ಲೇಶ್ವರಿ ಹಿಡಿದಳು, ಒಂದು ಪಕ್ಕ ನಾನು. ನನ್ನ ಗಿರಣಿಗೆ ಬಂದಿದ್ದ ಮುಬೀನಾ ಓಡಿ ಬಂದು ಇನ್ನೊಂದು ಪಕ್ಕ ಹಿಡಿದಳು. ನಾಲ್ಕು ಹೆಂಗಸರು ಮಂಚ ಹೊತ್ತು ಬೀದಿ ದಾಟುವುದನ್ನು ಊರು ಮಾಳಿಗೆ ಹತ್ತಿ ನೋಡಿತು. ನಾಗಣ್ಣ ಅಂಗಳದಲ್ಲೇ ನಿಂತಿದ್ದ.

ಬಾಗಿಲಲ್ಲಿ ಗುರುಪಾದಯ್ಯ ಕೋಲು ಅಡ್ಡ ಹಿಡಿದು ನಿಂತಿದ್ದರು. ಕಣ್ಣು ಮಂಜಾದರೂ ಕಿವಿ ಚುರುಕು.

"ಮಲ್ಲೇಶ್ವರಿ, ಈಗ ಯಾವ ನಕ್ಷತ್ರ?"

"ಶತಭಿಷಾ, ಮಾವಾ."

"ಗೊತ್ತಿದ್ದೂ ತಂದಿ?"

"ಗೊತ್ತಿದ್ದ ತಂದೀನಿ."

"ಈಕಿ ಒಳಗ ಜೀವ ಬಿಟ್ರ ಬಾಗಲಿಗಿ ಮುಳ್ಳ ಬಡೀಬೇಕಾಗ್ತದ. ತನ್ನ ಮನಿ ಉಳಿಸಿಕೊಳ್ಳದಾಕಿ ಮಂದಿಗೇನ ಹೇಳ್ತಾಳ ಅಂತಾರ. ನಾಳಿಂದ ಈ ಕಟ್ಟಿಗಿ ಒಂದು ನಾಯಿ ಬರಂಗಿಲ್ಲ. ನಮ್ಮಪ್ಪ, ಅವರಪ್ಪ ಕೂತ ಕಟ್ಟಿ ಇದು!"

"ಬರಲಿಲ್ಲಂದ್ರ ಬಿಡಲಿ. ಮಾವಾ, ಕೈ ಸೋಲಾಕತ್ತಾವ. ಸರೀರಿ."

ಅವರು ಸರಿಯಲಿಲ್ಲ. ಮಂಚ ಬಿಸಿಲಲ್ಲಿ ನಿಂತಿತ್ತು, ನನ್ನ ಅಂಗೈ ಬೆವರಿಗೆ ಜಾರುತ್ತಿತ್ತು. ಈ ಮುದುಕ ಹಟ ಹಿಡಿದರೆ ಭೀಮಾಬಾಯಿ ಬೀದಿಯಲ್ಲೇ ಹೋಗುತ್ತಾಳೆ ಎಂದು ಬಯ್ಯಲು ಬಾಯಿ ತೆರೆದೆ. ಅಷ್ಟರಲ್ಲಿ ಭೀಮಾಬಾಯಿ ನರಳಿದಳು. ಆ ದನಿ ಕೇಳಿ ಅಯ್ಯನವರು ಕೋಲು ಕೆಳಗಿಳಿಸಿದರು. ಒಳಗೆ ಹೋಗಿ ತಮ್ಮ ಕಂಬಳಿ ತಂದು ಕಟ್ಟೆಯ ಮೇಲೆ ಹಾಸಿಕೊಂಡು, ನಮಗೆ ಬೆನ್ನು ಮಾಡಿ ಕೂತರು.

ಜಂಗಮರ ಮನೆ ಹಳೆಯ ಮಣ್ಣಿನ ಮಾಳಿಗೆಯದು, ಒಳಗೆ ಹಾಸುಗಲ್ಲು ತಣ್ಣಗಿರುತ್ತದೆ. ಮುದುಕಿಯ ಉಸಿರು ಸ್ವಲ್ಪ ಹಗುರಾಯಿತು. ಮರುದಿನ ಬೆಳಿಗ್ಗೆ ಕಣ್ಣು ಬಿಟ್ಟು, "ಇವತ್ತ ತಿಥಿ ಏನವ್ವಾ?" ಎಂದು ಕೇಳಿದಳು.

"ದಶಮಿ."

"ನಕ್ಷತ್ರ?"

ಮಲ್ಲೇಶ್ವರಿ ಉತ್ತರದ ಬದಲು ಹಾಲಿನ ಚಮಚವನ್ನು ಅವಳ ಬಾಯಿಗೆ ಹಿಡಿದಳು. ಭೀಮಾಬಾಯಿ ಮಾಳಿಗೆಯ ಜಂತೆ ನೋಡುತ್ತ ಮಲಗಿದ್ದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು, "ಹೊರಗ ಹಾಕು ಅಂತ ನಾನ ಹೇಳಿದ್ದೆ. ಆದ್ರ, ಅಂವ ಒಲ್ಲೆ ಅಂತಾನಂತ ಮಾಡಿದ್ದೆ."

ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋಗಿ ಅತ್ತೆ. ಅಲ್ಲಿಂದ ಮುಂದೆ ಭೀಮಾಬಾಯಿ ಮಗನ ಹೆಸರೆತ್ತಲಿಲ್ಲ.

ನಾಗಣ್ಣ ದಿನಾ ಬಂದು ಬೀದಿಯಲ್ಲಿ ನಿಲ್ಲುತ್ತಿದ್ದ. ಒಳಗೆ ಬರುತ್ತಿರಲಿಲ್ಲ. ಆ ಹೊಸ್ತಿಲು ತುಳಿದು ಮದುವೆಯ ಮನೆಗೆ ಬರಕೂಡದು ಎಂದು ಬೀಗರು ಹೇಳಿದ್ದರಂತೆ. ಶಿವಲೀಲಾ ಮಾತ್ರ ಯಾರನ್ನೂ ಕೇಳದೆ ಬಂದು ಅತ್ತೆಯ ಕಾಲೊತ್ತಿ ಹೋಗುತ್ತಿದ್ದಳು. ಕಟ್ಟೆಗೆ ಯಾರೂ ಬರಲಿಲ್ಲ. ಮಲ್ಲೇಶ್ವರಿ ದಿನವೂ ಫೋನಿನಲ್ಲಿ ತಿಥಿ ಹೇಳಿ ಕಳಿಸುತ್ತಿದ್ದಳು, ಮೊದಲಿನ ಹಾಗೆ ಕೈ ಮುಗಿದ ಚಿತ್ರ ಒಂದೂ ಬರಲಿಲ್ಲ. ಯಾರೋ ಒಬ್ಬ, ಪಂಚಕದ ಮನೆಯ ಪಂಚಾಂಗ ನಮಗೆ ಬೇಡ ಎಂದು ಬರೆದು ಹಾಕಿದ. ಅವನ ಜೋಳವನ್ನು ನಾನು ಬೇಕೆಂದೇ ದಪ್ಪಗೆ ಬೀಸಿ ಕೊಟ್ಟೆ.

ಗುರುಪಾದಯ್ಯ ಕಟ್ಟೆ ಬಿಟ್ಟು ಇಳಿಯಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ. ಸೊಸೆಯ ಜೊತೆ ಮಾತಿಲ್ಲ. ಆದರೆ ಒಳಗಿನ ಕೆಮ್ಮು ಕೇಳಿದಾಗಲೆಲ್ಲ ಅವರ ಕೈಯ ಜಪಮಣಿ ನಿಲ್ಲುತ್ತಿತ್ತು. ನಕ್ಷತ್ರಗಳು ಒಂದೊಂದಾಗಿ ಮುಗಿದವು. ಪೂರ್ವಾಭಾದ್ರ ಹೋಯಿತು, ಉತ್ತರಾಭಾದ್ರವೂ ಹೋಯಿತು. ಉಳಿದದ್ದು ರೇವತಿ ಒಂದೇ. ಅದು ಮುಗಿದು ಅಶ್ವಿನಿ ಬಂದರೆ ಪಂಚಕ ಬಿಟ್ಟಿತು. ಪಂಚಾಂಗ ನಂಬದ ನಾನೂ ಗಿರಣಿ ಬಿಟ್ಟು ಬಿಟ್ಟು ಬಂದು, "ಅಶ್ವಿನಿ ಬಂತೇನ?" ಎಂದು ಕೇಳತೊಡಗಿದ್ದೆ. ಮಲ್ಲೇಶ್ವರಿ, "ಮಧ್ಯಾಹ್ನದ ತನಕ ರೇವತಿ ಅದ ಆಪಾ" ಎನ್ನುತ್ತಿದ್ದಳು. ಅವಳ ಕಣ್ಣಲ್ಲಿ ನಿದ್ದೆ ಇರಲಿಲ್ಲ. ಅವಳೂ ಹೆದರಿದ್ದಳು. ಮನೆ ಹೋಗುತ್ತದೆ, ಕಟ್ಟೆ ಹೋಗುತ್ತದೆ, ಗಂಡ ಬಂದು ಏನೆನ್ನುತ್ತಾನೋ ಎಂದು ನನ್ನೆದುರು ಬಾಯಿ ಬಿಟ್ಟು ಹೇಳಿದಳು.

ಕೊನೆಯ ದಿನ ಬೆಳಿಗ್ಗೆ ಭೀಮಾಬಾಯಿಗೆ ಮೇಲುಸಿರು ಹತ್ತಿತು. ಮಲ್ಲೇಶ್ವರಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಹೊರಗೆ ಜನ ಸೇರಿದರು. ಯಾರೂ ಒಳಗೆ ಬರಲಿಲ್ಲ, ಆದರೆ ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರ ಕಣ್ಣು ಗಡಿಯಾರದ ಮೇಲೆ. ಇನ್ನೊಂದಿಷ್ಟು ಹೊತ್ತು ತಡೆದರೆ ಆ ಮನೆ ಉಳಿಯಿತು ಎಂದು ಯಾರೋ ಪಂದ್ಯ ಕಟ್ಟಿದವರ ಹಾಗೆ ಹೇಳುತ್ತಿದ್ದುದು ಒಳಗೆ ಕೇಳಿಸಿತು. ಭೀಮಾಬಾಯಿಗೂ ಕೇಳಿಸಿರಬೇಕು. ಅವಳು ಉಸಿರಿಗಾಗಿ ಒದ್ದಾಡುತ್ತಿದ್ದಳು. ತಡೆಯಬೇಕೆಂದು ಒದ್ದಾಡುತ್ತಿದ್ದಾಳೆ ಎಂದು ನನಗೆ ಅನ್ನಿಸಿತು. ಮಲ್ಲೇಶ್ವರಿಗೂ ಅದೇ ಅನ್ನಿಸಿರಬೇಕು. ಮುದುಕಿಯ ಹಣೆ ಸವರುತ್ತ, ಕಿವಿಯ ಹತ್ತಿರ ಬಾಗಿ, "ನಕ್ಷತ್ರದ ಚಿಂತಿ ಬಿಡವ್ವಾ. ಇದು ನಿನ್ನ ಮನಿ. ಯಾವಾಗ ಹೋಗಬೇಕನಸ್ತದ ಅವಾಗ ಹೋಗು" ಎಂದಳು.

ಬಾಗಿಲಲ್ಲಿ ಕೋಲಿನ ಸದ್ದಾಯಿತು. ಗುರುಪಾದಯ್ಯ ತಡವರಿಸುತ್ತ ಒಳಗೆ ಬಂದರು. ವಿಭೂತಿ ಹಚ್ಚಿ, ತೀರ್ಥ ಬಾಯಿಗೆ ಬಿಟ್ಟರು. ಜಂಗಮನಿಲ್ಲದೆ ಕಳಿಸಬಾರದವ್ವಾ ಎಂದಷ್ಟೇ ಸೊಸೆಗೆ ಹೇಳಿದರು. ತೀರ್ಥ ಗಂಟಲಲ್ಲಿ ಇಳಿಯಿತು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು. ಸೂರ್ಯ ಇನ್ನೂ ನೆತ್ತಿಗೆ ಬಂದಿರಲಿಲ್ಲ.

ಒಳಗಿದ್ದವರು ನಾವು ಮೂವರೇ. ಹೊರಗೆ ಅಳು ಕೇಳಿಸದಿದ್ದರೆ ಮಧ್ಯಾಹ್ನ ದಾಟಿಸಬಹುದಿತ್ತು. ಗುರುಪಾದಯ್ಯ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು. ಒಂದು ಗಳಿಗೆಯೂ ಸುಳ್ಳು ಹೇಳದ ಮುದುಕ! ನಾನು ತಲೆಯಾಡಿಸಿದೆ. ಅಲ್ಲಾಹ್ ಸಾಕ್ಷಿ, ನನಗೂ ಅದೇ ಬೇಕಿತ್ತು. ಅವರು ಸೊಸೆಗೆ ಪಿಸುದನಿಯಲ್ಲಿ, "ಸುಮ್ಮಿರು. ಅಶ್ವಿನಿಯಾಗ ಹೋದಳು ಅನ್ನೋಣು. ಯಾರಿಗಿ ಗೊತ್ತಾಗ್ತದ?" ಎಂದರು.

ಮಲ್ಲೇಶ್ವರಿ ಭೀಮಾಬಾಯಿಯ ಕಣ್ಣು ಮುಚ್ಚಿದಳು. ತಲೆಯನ್ನು ಮೆಲ್ಲಗೆ ದಿಂಬಿನ ಮೇಲಿಟ್ಟಳು.

"ಮಾವಾ, ಅಶ್ವಿನಿ ಅಂದ್ರ ಏನ ತಿಳ್ಕೋತಾರ? ಪಂಚಕ ದಾಟಿದ್ದಕ್ಕ ಈ ಮನಿ ಉಳೀತು ಅಂತಾರ. ಮುಂದ ಇನ್ನೊಬ್ಬಾಕೀನ ಬಿಸಲಿಗಿ ಹಾಕ್ತಾರ. ಅವಾಗೂ ನನ್ನ ಕೇಳಿಯೇ ಹಾಕ್ತಾರ."

ಅವಳು ಎದ್ದು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ. ಬೀದಿ ತುಂಬ ಜನ. ಕಟ್ಟೆಯ ಮೇಲೆ ನಿಂತು, ದಿನಾ ತಿಥಿ ಹೇಳುವ ದನಿಯಲ್ಲೇ ಹೇಳಿದಳು:

"ಭೀಮಾಬಾಯಿ ಹೋದಳು. ರೇವತಿಯಾಗ ಹೋಗ್ಯಾಳ, ನನ್ನ ಮನಿ ಒಳಗ ಹೋಗ್ಯಾಳ. ನಾ ಬಾಗಲಿಗಿ ಮುಳ್ಳ ಬಡ್ಯಂಗಿಲ್ಲ. ಇಲ್ಲೇ ಇರ್ತೀನಿ. ಏನಾಗ್ತದ ನೀವೂ ನೋಡ್ರಿ."

ಜನ ಒಂದು ಹೆಜ್ಜೆ ಹಿಂದೆ ಸರಿದರು. ಅದನ್ನು ನನ್ನ ಕಣ್ಣಾರೆ ಕಂಡೆ. ಈಗಲೂ ಮುಹೂರ್ತಕ್ಕೆಂದು ಊರಿನ ಅರ್ಧ ಜನ ಶಹಾಪುರಕ್ಕೆ ಬಸ್ಸು ಹತ್ತುತ್ತಾರೆ. ಗಂಡ ಬಂದು ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದ, ಆಮೇಲೆ ಅದೇ ಬಾಗಿಲಿನಿಂದ ಓಡಾಡಿದ. ಆ ಬಾಗಿಲು ಒಂದು ದಿನವೂ ಮುಚ್ಚಿಲ್ಲ, ಮನೆಯವರೆಲ್ಲ ಗಟ್ಟಿಮುಟ್ಟಾಗಿದ್ದಾರೆ. ಮುದುಕರಂತೂ ಎರಡು ರೊಟ್ಟಿ ಹೆಚ್ಚೇ ಉಣ್ಣುತ್ತಾರೆ. ಆದರೆ ಆ ಹೊತ್ತಿನಲ್ಲಿ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. 

ನಾಗಣ್ಣ ಜನರ ನಡುವೆ ನಿಂತಿದ್ದ. ಪಕ್ಕದಲ್ಲಿದ್ದ ಬೀಗ ಅವನ ತೋಳು ಹಿಡಿದಿದ್ದ. ಮಲ್ಲೇಶ್ವರಿ ಅವನನ್ನೇ ನೋಡಿ, "ಒಳಗ ಬಾರಪಾ. ನಿಮ್ಮವ್ವ ಒಳಗದಾಳ" ಎಂದಳು. ಅವನು ತೋಳು ಬಿಡಿಸಿಕೊಂಡ. ಹೊಸ್ತಿಲು ದಾಟಿ ಬಂದು, ಮಂಚದ ಹತ್ತಿರ ಕುಸಿದು, ತಾಯಿಯ ಪಾದ ಹಿಡಿದುಕೊಂಡು ಸಣ್ಣ ಹುಡುಗನಂತೆ ಅತ್ತ. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ಮಲ್ಲೇಶ್ವರಿಯ ಕಡೆ ನೋಡಿದ.

"ನನ್ನ ಏನರ ಕೇಳಿದಳೇನ್ರಿ ಅವ್ವಾರ?"

ನನಗೆ ಸಿಟ್ಟಿತ್ತು. ಮುದುಕಿ ಏನೆಂದಿದ್ದಳೋ ಅದನ್ನು ಅಕ್ಷರ ಬಿಡದೆ ಅವನ ಮುಖಕ್ಕೆ ಹೇಳಬೇಕೆಂದು ನಾಲಿಗೆ ತುರಿಸುತ್ತಿತ್ತು. ಅಷ್ಟರಲ್ಲಿ ಮಲ್ಲೇಶ್ವರಿ ಅವನ ಪಕ್ಕದಲ್ಲಿ ಕೂತಳು.

"ಕೇಳಿದಳಪಾ. ನಾಗಣ್ಣ ಉಂಡಾನೇನು ಅಂತ ದಿನಾ ಕೇಳತಿದ್ದಳು."

ಭೀಮಾಬಾಯಿ ಹಾಗೇನೂ ಕೇಳಿರಲಿಲ್ಲ. ನಾನು ಅಲ್ಲೇ ಇದ್ದೆ.